ಖಂಡನೆ ಅಂದ್ರೆ ಎಂತ ಟೀಚರ್?

ಬೈಯುವುದರಲ್ಲಿ ನಾನು ಯಾರಿಗೂ ಕಡಿಮೆಯವಳಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಪ್ಪತ್ತೆರಡು ವರ್ಷಗಳಿಂದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೇನೆ. ಬೈಯಲು ಬಾರದವರು ಎಂಟನೇ ತರಗತಿಯ ಬಿ ಸೆಕ್ಷನ್ನಿಗೆ ಕಾಲಿಡುವ ಹಾಗೆಯೇ ಇಲ್ಲ. ಸ್ಟಾಪಿನಲ್ಲಿ ನಿಲ್ಲಿಸದೆ ಹೋಗುವ ಬಸ್ಸಿನವರಿಗೆ ಬೈಯುತ್ತೇನೆ, ಮೊನ್ನೆಯ ಬಂಗುಡೆಯನ್ನು ಇವತ್ತಿನದು ಎಂದು ಆಣೆ ಹಾಕಿ ಕೊಡುವ ಮೀನಿನವಳಿಗೂ ಬೈಯುತ್ತೇನೆ. ಅವಳು ವಾಪಸು ಬೈಯುತ್ತಾಳೆ, ಮರುದಿನ ಇಬ್ಬರೂ ನಗುತ್ತೇವೆ. ಆದರೆ ಖಂಡಿಸಿದ್ದು ಮಾತ್ರ ಜೀವಮಾನದಲ್ಲಿ ಇರಲಿಲ್ಲ. ಖಂಡನೆ ಎಂಬುದನ್ನು ನಾನು ಪತ್ರಿಕೆಯಲ್ಲಿ ಓದಿ ಮಾತ್ರ ಬಲ್ಲೆ. ಅಲ್ಲಿ ದಿನಾ ಬೆಳಿಗ್ಗೆ ಯಾರಾದರೊಬ್ಬರು ಯಾವುದನ್ನಾದರೂ ಖಂಡಿಸಿಯೇ ಇರುತ್ತಾರೆ, ಅದೂ ತೀವ್ರವಾಗಿ. ಸುಮ್ಮನೆ ಹದವಾಗಿ ಖಂಡಿಸಿದವರನ್ನು ನಾನು ಇದುವರೆಗೆ ಕಂಡಿಲ್ಲ. ಖಂಡಿಸಿದ ಮೇಲೆ ಅವರು ತಿಂಡಿ ತಿಂದರೋ, ಖಂಡನೆಗೆ ಒಳಗಾದವರಿಗೆ ಊಟ ಸೇರಿತೋ ಎಂಬುದನ್ನು ಯಾವ ಪತ್ರಿಕೆಯೂ ಬರೆಯುವುದಿಲ್ಲ. ಈ ಎರಡನೆಯ ಪ್ರಶ್ನೆಗೆ ಉತ್ತರ ಈಗ ನನಗೆ ಗೊತ್ತಾಗಿದೆ, ಅದನ್ನೇ ನಿಮ್ಮ ಹತ್ತಿರ ಹೇಳಿಕೊಳ್ಳೋಣ ಎಂದು ಕುಳಿತಿದ್ದೇನೆ.

ನಮ್ಮ ಮಂಗಳೂರಿನಲ್ಲಿ ಒಂದು ಕ್ರಮವಿದೆ. ಬೈಯುವುದೇನಿದ್ದರೂ ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ. ಅದಕ್ಕೆ ತುಳುವಿನಲ್ಲಿ ‘ನೆರುನಿ’ ಎನ್ನುತ್ತೇವೆ. ಬೆಳಿಗ್ಗೆ ನೆರಿದದ್ದು ಸಂಜೆಯ ಚಾದ ಹೊತ್ತಿಗೆ ಮರೆತುಹೋಗಿರುತ್ತದೆ. ಕನ್ನಡ ಬಂತೆಂದರೆ ಹಾಗಲ್ಲ. ಬ್ಯಾಂಕಿನ ನೋಟಿಸು, ಕೋರ್ಟಿನ ಸಮನ್ಸು, ಶಾಲೆಯ ಪ್ರೋಗ್ರೆಸ್ ಕಾರ್ಡಿನಲ್ಲಿ ‘ಗಮನ ಸಾಲದು’ ಎಂಬ ಷರಾ, ಎಲ್ಲ ಬರುವುದು ಕನ್ನಡದಲ್ಲೇ. ಕನ್ನಡ ಟೀಚರಾದ ನಾನೇ ಹೀಗೆ ಹೇಳಬಾರದು, ಆದರೆ ಬಾಗಿಲ ಹೊರಗೆ ಯಾರಾದರೂ ಶುದ್ಧ ಕನ್ನಡದಲ್ಲಿ ನನ್ನ ಹೆಸರು ಕರೆದರೆ ನನಗೂ ಒಮ್ಮೆ ಎದೆ ಧಸಕ್ಕೆನ್ನುತ್ತದೆ. ನಮ್ಮ ಮಾಮಿ, ಅಂದರೆ ನನ್ನ ಅತ್ತೆ, ಕನ್ನಡವನ್ನು ಮದುವೆಯ ಸೀರೆಯ ಹಾಗೆ ಮಡಚಿ ಒಳಗಿಟ್ಟವರು. ಕಂಕನಾಡಿಯ ಡಾಕ್ಟರರ ಎದುರು, ಜನಗಣತಿಯವರ ಎದುರು ಅದನ್ನು ಬಿಡಿಸಿ ಉಡುತ್ತಾರೆ. ಅವರು ಹೋದ ಕೂಡಲೇ ಮತ್ತೆ ಒಳಗೆ. ನಾನು ಮದುವೆಯಾಗಿ ಬಂದಂದಿನಿಂದ ನನ್ನೊಡನೆ ತುಳುವೇ. ದಿನಕ್ಕೆ ಮೂರು ಸಲವಾದರೂ ‘ನಿಕ್ಕ್ ಮಂಡೆ ಸಮ ಇಜ್ಜ’ ಎನ್ನುತ್ತಾರೆ, ನಿನ್ನ ತಲೆ ಸರಿ ಇಲ್ಲವಾ ಎಂದು ಅರ್ಥ. ಹಾಲು ಉಕ್ಕಿದರೂ ಅದೇ, ಕೊಡೆ ಮರೆತು ಶಾಲೆಗೆ ಹೊರಟರೂ ಅದೇ. ಅದನ್ನು ಕೇಳದೆ ಹೋದ ದಿನ ನನಗೆ ಪಾಠ ಮಾಡಲು ಹುರುಪಿರುವುದಿಲ್ಲ.

ನಾವಿರುವುದು ಜೆಪ್ಪುವಿನ ಒಂದು ಹಳೆಯ ನಾಲ್ಕು ಮಹಡಿಯ ಕಟ್ಟಡದಲ್ಲಿ. ಹದಿನಾರು ಮನೆ, ನಾಲ್ಕು ಭಾಷೆ, ಒಂದು ಲಿಫ್ಟು. ಮಾಲೀಕರ ಸಂಘಕ್ಕೆ ಹಮೀದ್ ಹಾಜಿಯವರು ಅಧ್ಯಕ್ಷರು. ಕಂಕನಾಡಿಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡು ಅರ್ಧ ಊರಿನ ಮದುವೆಗೆ ಜವಳಿ ಕೊಟ್ಟವರು, ಯಾರ ಮೇಲೂ ಸ್ವರ ಎತ್ತುವವರಲ್ಲ. ಕಾರ್ಯದರ್ಶಿ ನಾನು. ಚುನಾವಣೆಯಲ್ಲಿ ಗೆದ್ದು ಬಂದವಳೆಂದು ತಿಳಿಯಬೇಡಿ. ಸಭೆಯ ನಡಾವಳಿ ಬರೆಯುವುದು ಕನ್ನಡದಲ್ಲಿ. ‘ಟೀಚರಿದ್ದಾರಲ್ಲ’ ಎಂದು ಎಲ್ಲರೂ ಒಟ್ಟಿಗೆ ನನ್ನತ್ತ ತಿರುಗಿದರು, ಅಷ್ಟೇ. ಅಂದಿನಿಂದ ‘ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು’ ಎಂದು ಬರೆಯುತ್ತ ಬಂದಿದ್ದೇನೆ. ಸಭೆ ಅರ್ಧ ಗಂಟೆ ಜಗಳಾಡಿ ಚಾ ಕುಡಿದು ಎದ್ದುಹೋಗಿದ್ದರೂ ಅದೇ ವಾಕ್ಯ.

ಈ ಸಲ ಜೂನ್ ತಿಂಗಳ ಕೊನೆಗೆ ಕಟ್ಟಡದಲ್ಲಿ ಒಂದು ವಾಸನೆ ಹುಟ್ಟಿತು. ಮೊದಲು ನಾಲ್ಕನೇ ಮಹಡಿಯಲ್ಲಿ, ಆಮೇಲೆ ಮೆಟ್ಟಿಲಿಳಿದು ಮೂರರಲ್ಲಿ, ಕೊನೆಗೆ ಲಿಫ್ಟು ಹತ್ತಿ ಎಲ್ಲ ಮಹಡಿಗಳಲ್ಲಿ. ಲಿಫ್ಟಿನ ಬಾಗಿಲು ತೆರೆದಾಗಲೆಲ್ಲ ಅದು ನಮಗಿಂತ ಮೊದಲು ಹೊರಗೆ ಬರುತ್ತಿತ್ತು. ಇಲಿ ಸತ್ತಿದೆ ಎಂದು ಒಬ್ಬರು, ಚರಂಡಿ ಕಟ್ಟಿದೆ ಎಂದು ಇನ್ನೊಬ್ಬರು. ಮೂರನೇ ಮಹಡಿಯ ಜಗನ್ನಾಥ ಶೆಟ್ರು, ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು, ಗ್ಯಾಸ್ ಸೋರುತ್ತಿದೆ ಎಂದು ನಿರ್ಧರಿಸಿ ಎರಡು ದಿನ ಕಟ್ಟಡದಲ್ಲಿ ದೇವರ ದೀಪವನ್ನೂ ಹಚ್ಚಗೊಡಲಿಲ್ಲ. ಎಲ್ಲರೂ ಮೂಗು ಮುಚ್ಚಿಕೊಂಡು ಒಬ್ಬರನ್ನೊಬ್ಬರು ನೋಡುತ್ತಿದ್ದರು. ನಾನೂ ಮುಚ್ಚಿಕೊಂಡಿದ್ದೆ. ಆದರೆ ನನ್ನ ಕರವಸ್ತ್ರದ ಹಿಂದೆ ಇದ್ದದ್ದು ಮೂಗಲ್ಲ, ಮುಖ. ಯಾಕೆಂದರೆ ಆ ವಾಸನೆ ಎಲ್ಲಿಂದ ಬರುತ್ತದೆಂದು ನನಗೆ ಗೊತ್ತಿತ್ತು. ಅಥವಾ ಗೊತ್ತಿದೆ ಎಂದು ನಾನು ತಿಳಿದುಕೊಂಡಿದ್ದೆ.

ಮೇ ತಿಂಗಳಲ್ಲಿ ಮಾಮಿ ಉಪ್ಪಡ್ ಪಚ್ಚಿಲ್ ಹಾಕಿದ್ದರು. ಬಲಿತ ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಒತ್ತಿ ಭರಣಿಯಲ್ಲಿ ತುಂಬಿ, ಮೇಲೆ ಕಲ್ಲಿನ ಭಾರ ಹೇರಿ ಬಟ್ಟೆ ಕಟ್ಟಿಟ್ಟರೆ ಜಡಿಮಳೆಯ ಆಟಿ ತಿಂಗಳಲ್ಲಿ ತೆಗೆದು ಪಲ್ಯ ಮಾಡಲಿಕ್ಕೆ, ಗಾರಿಗೆ ಮಾಡಲಿಕ್ಕೆ ಆಗುತ್ತದೆ. ರುಚಿಗೆ ನಾನು ಮೊದಲ ಪಂಕ್ತಿಯಲ್ಲಿ ಕೂರುವವಳು. ಆದರೆ ಎರಡು ಕೋಣೆಯ ಫ್ಲ್ಯಾಟಿನಲ್ಲಿ, ಊಟದ ಮೇಜಿನ ಪಕ್ಕದಲ್ಲಿ, ಮೂರು ತಿಂಗಳು ಆ ಭರಣಿಯ ಜೊತೆ ಸಂಸಾರ ಮಾಡುವುದೆಂದರೆ! “ಮಾಮೀ, ಇದನ್ನು ಟೆರೇಸಿನ ಕೋಣೆಯಲ್ಲಿ ಇಡುವಾ” ಎಂದೆ. ಟೆರೇಸಿಗೆ ಹೋಗುವ ಮೆಟ್ಟಿಲ ತುದಿಯಲ್ಲಿ ಒಂದು ಪುಟ್ಟ ಕೋಣೆಯಿದೆ, ಕಾಲು ಮುರಿದ ಕುರ್ಚಿ, ಕ್ರಿಸ್ಮಸ್ ನಕ್ಷತ್ರದ ಕಡ್ಡಿ, ಯಾರದೋ ಮಕ್ಕಳ ತೊಟ್ಟಿಲು ತುಂಬಿರುವುದು. ಅಲ್ಲಿ ಏನನ್ನೂ ಇಡಬಾರದೆಂದು ಸಂಘದ ನಿಯಮವಿದೆ. ನಿಯಮವನ್ನು ನಡಾವಳಿ ಪುಸ್ತಕದಲ್ಲಿ ಬರೆದವಳು ನಾನೇ. ಮಾಮಿ ಮಂಡೆ ಸಮ ಇಜ್ಜ ಅಂದರು, ಆದರೂ ಒಪ್ಪಿದರು. ನಮ್ಮ ವಾಚ್‌ಮನ್ ಐತಪ್ಪಣ್ಣ, ಅರುವತ್ತು ದಾಟಿದವರು, ಭರಣಿಯನ್ನು ಹೊತ್ತು ಮೇಲೆ ಹೋಗಿ ಹಳೇ ಸಾಮಾನಿನ ಹಿಂದೆ ಇಟ್ಟು ಬಂದು ಬೀಗದ ಕೈಯನ್ನು ಗೂಟಕ್ಕೆ ನೇತುಹಾಕಿದರು. ಯಾರ ಹತ್ತಿರವೂ ಹೇಳಬೇಡಿ ಎಂದೆ. “ನಾನು ಯಾಕೆ ಹೇಳ್ಲಿ” ಅಂದರು.

ವಾಸನೆಗೆ ಒಂದು ವಾರವಾದಾಗ ಕಮಿಟಿಯವರು ಕಟ್ಟಡವನ್ನೆಲ್ಲ ಪರೀಕ್ಷಿಸಲು ಹೊರಟರು. ಟೆರೇಸಿನ ಕೋಣೆಯ ಮಾತು ಬಂದದ್ದೇ ತಡ, ನಾನು ನೋಡಿ ಬರುತ್ತೇನೆಂದು ಮೆಟ್ಟಿಲು ಹತ್ತಿದೆ. ಬಾಗಿಲನ್ನು ಒಂದು ಗೇಣು ತೆರೆದು ಮುಚ್ಚಿ ಇಳಿದು ಬಂದು, “ಹಳೇ ಸಾಮಾನು ಮಾತ್ರ ಇದೆ” ಎಂದೆ. ಸುಳ್ಳು ಹೇಳುವಾಗ ನನ್ನ ಕಿವಿ ಕೆಂಪಾಗುತ್ತದೆಂದು ಎಂಟನೇ ತರಗತಿಯ ಮಕ್ಕಳಿಗೂ ಗೊತ್ತು. ಆದರೆ ಅಲ್ಲಿದ್ದ ಯಾರೂ ನನ್ನ ಕಿವಿ ನೋಡಲಿಲ್ಲ. “ಟೀಚರ್ ನೋಡಿದ್ರಲ್ಲ, ಆಯ್ತಲ್ಲ” ಎಂದು ಶೆಟ್ರು ಹೇಳಿದರು. “ಹೌದೌದು, ಇನ್ನು ಮೇಲೆ ಹತ್ತುವುದು ಬೇಡ” ಎಂದು ಹಾಜಿಯವರೂ ಹೇಳಿದರು. ಅಷ್ಟು ಬೇಗ ನನ್ನನ್ನು ನಂಬಿದ್ದು ಯಾಕೆ ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಮಾಮಿ ಹೇಳುವುದು ಸುಳ್ಳಲ್ಲ.

ವಾಸನೆ ಇದೆ, ಕಾರಣ ಇಲ್ಲ ಎಂದಾದ ಮೇಲೆ ಯಾರಾದರೊಬ್ಬರು ತಪ್ಪಿತಸ್ಥರು ಆಗಲೇಬೇಕಲ್ಲ. ಶೆಟ್ರು ಐತಪ್ಪಣ್ಣನ ಹೆಸರು ತೆಗೆದರು. ಸ್ವಚ್ಛತೆ ಅವರ ಜವಾಬ್ದಾರಿ, ವಯಸ್ಸಾಗಿದೆ, ಹೇಗೂ ಏಜೆನ್ಸಿಯವರನ್ನು ತರುವ ಮಾತು ಇದೆ. “ಹಾಗೆ ಬಾಯಲ್ಲಿ ಹೇಳಿ ಕಳಿಸ್ಲಿಕ್ಕೆ ಆಗುದಿಲ್ಲ ಹಾಜಿಯವರೇ. ಮೊದಲು ಖಂಡನಾ ನಿರ್ಣಯ, ಆಮೇಲೆ ನೋಟಿಸು, ಆಮೇಲೆ ಹೊರಗೆ. ಕ್ರಮ ಅಂದ್ರೆ ಕ್ರಮ” ಎಂದರು. ಹಾಜಿಯವರು ಗಡ್ಡ ನೀವಿಕೊಂಡು, “ಪಾಪದ ಮನುಷ್ಯ ಮಾರಾಯ್ರೆ, ಹನ್ನೊಂದು ವರ್ಷ ಆಯ್ತು ಇಲ್ಲಿ” ಎಂದು ಗೊಣಗಿದರು, ಆದರೆ ಬೇಡ ಎನ್ನಲಿಲ್ಲ. ನಾನೂ ಎನ್ನಲಿಲ್ಲ. ಭಾನುವಾರ ವಾರ್ಷಿಕ ಸಭೆ. ಬರೆಯುವವಳು ಯಾರು? “ಟೀಚರಿದ್ದಾರಲ್ಲ.”

ಆ ನಾಲ್ಕು ದಿನ ನಾನು ಪಟ್ಟ ಪಾಡು ಯಾವ ಪರೀಕ್ಷೆಯ ಮಕ್ಕಳಿಗೂ ಬೇಡ. ಸ್ಟಾಫ್ ರೂಮಿನಲ್ಲಿ ಕುಳಿತು ಬರೆದೆ: ‘ಕಟ್ಟಡದ ಸ್ವಚ್ಛತೆಯ ವಿಷಯದಲ್ಲಿ ಕಾವಲುಗಾರ ಶ್ರೀ ಐತಪ್ಪ ಇವರು ತೋರಿದ ನಿರ್ಲಕ್ಷ್ಯವನ್ನು ಈ ಸಭೆಯು ತೀವ್ರವಾಗಿ ಖಂಡಿಸುತ್ತದೆ.’ ಓದಿ ನೋಡಿದೆ. ‘ತೀವ್ರವಾಗಿ’ ಹೊಡೆದುಹಾಕಿದೆ. ಆಗ ‘ಖಂಡಿಸುತ್ತದೆ’ ಒಂದೇ ಉಳಿದು ಇನ್ನೂ ಭಯಂಕರವಾಗಿ ಕಂಡಿತು. ಆಕ್ಷೇಪಿಸುತ್ತದೆ ಎಂದು ಹಾಕಿದೆ, ಶೆಟ್ರು ಒಪ್ಪಲಾರರು. ವಿಷಾದಿಸುತ್ತದೆ ಎಂದು ಹಾಕಿದೆ. ಅದು ಶ್ರದ್ಧಾಂಜಲಿಯ ಹಾಗೆ ಕೇಳಿತು. ನಿಘಂಟು ತೆಗೆದೆ. ಟೀಕೆ, ನಿಂದೆ, ಛೀಮಾರಿ, ವಾಗ್ದಂಡನೆ, ಒಂದಕ್ಕಿಂತ ಒಂದು ಖಾರ. ನಿಘಂಟು ಮಾಡಿದವರ ಮನೆಯಲ್ಲಿ ವಾಚ್‌ಮನ್ ಇರಲಿಲ್ಲ ಎಂದು ಕಾಣುತ್ತದೆ. ಬೈಗುಳವಾದರೆ ಹೇಳಿದವರ ಬಾಯಿಗೂ ಕೇಳಿದವರ ಕಿವಿಗೂ ಮುಗಿಯಿತು, ವಾಪಸು ಬೈಯಲಿಕ್ಕೂ ಜಾಗ ಇದೆ. ಖಂಡನೆಗೆ ಹಾಗಿಲ್ಲ. ಅದನ್ನು ಪುಸ್ತಕದಲ್ಲಿ ಬರೆದು, ಕೆಳಗೆ ಸಹಿ ಹಾಕಿ, ಬೀರುವಿನಲ್ಲಿ ಇಡುತ್ತಾರೆ. ಮನುಷ್ಯ ಮನೆಗೆ ಹೋದರೂ ಅದು ಅಲ್ಲೇ ಇರುತ್ತದೆ. ಮಸ್ಕತ್ತಿನಲ್ಲಿರುವ ನನ್ನ ಗಂಡನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. “ಯಾರಾದ್ರೂ ಕೇಳಿದ್ರಾ? ಕೇಳ್ಲಿಲ್ಲ ಅಲ್ವಾ? ಮತ್ತೆ ನೀನು ಯಾಕೆ ಹೇಳ್ಲಿಕ್ಕೆ ಹೋಗ್ತಿ” ಎಂದರು. ಅಷ್ಟು ದೂರದಿಂದ ಆ ಮಾತು ಬಹಳ ಸರಿಯಾಗಿ ಕೇಳಿಸಿತು.

ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದೆ. ಗೇಟಿನ ಹತ್ತಿರ ಐತಪ್ಪಣ್ಣ ನಿಂತಿದ್ದರು. ನನ್ನೊಡನೆ ಸದಾ ತುಳುವಿನಲ್ಲಿ ಮಾತಾಡುವವರು ಅಂದು ಕನ್ನಡದಲ್ಲಿ ಕೇಳಿದರು: “ಖಂಡನೆ ಅಂದ್ರೆ ಎಂತ ಟೀಚರ್?”

ನನ್ನ ಕೈಯಲ್ಲಿದ್ದ ಉತ್ತರ ಪತ್ರಿಕೆಗಳ ಕಟ್ಟು ಜಾರಿತು. ಇಪ್ಪತ್ತೆರಡು ವರ್ಷ ಪದಗಳ ಅರ್ಥ ಹೇಳಿಯೇ ಸಂಬಳ ತೆಗೆದುಕೊಂಡವಳು. “ಅದು... ಒಂದು ಸಂಗತಿ ಸರಿ ಇಲ್ಲ ಅಂತ ಸಭೆ ಸೇರಿ ಹೇಳುವುದು ಐತಪ್ಪಣ್ಣ” ಎಂದೆ.

“ಬೈಯುವುದಾ?”

“ಬೈಯುವುದಲ್ಲ. ಬರೆದು ಓದುವುದು.”

“ಬೈಯುವುದಾದ್ರೆ ಈಗ್ಲೇ ಬೈದು ಬಿಡಿ ಟೀಚರ್. ನಾಳೆವರೆಗೆ ಯಾಕೆ ಕಾಯುವುದು? ನನಗೆ ನಿದ್ರೆ ಬರುದಿಲ್ಲ” ಎಂದರು. ಸಿಟ್ಟು ಇರಲಿಲ್ಲ, ನಿಜವಾಗಿ ಕೇಳಿದ್ದರು. ಭರಣಿಯ ಮಾತನ್ನು ಎತ್ತಲೇ ಇಲ್ಲ. ಎತ್ತಿದ್ದರೆ ನಾನು ಜಗಳವಾಡಿ ಬಚಾವಾಗುತ್ತಿದ್ದೆ. ಕೆಳಗೆ ಬಿದ್ದ ಉತ್ತರ ಪತ್ರಿಕೆಗಳನ್ನು ಅವರೇ ಹೆಕ್ಕಿ, ಧೂಳು ಕೊಡವಿ ಕೊಟ್ಟರು. ನಾನು ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿದೆ.

ಭಾನುವಾರ ಸಭೆ ಸೇರಿದ್ದು ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ. ಕುರ್ಚಿ ಹಾಕಿದ್ದು ಐತಪ್ಪಣ್ಣ, ಫ್ಲಾಸ್ಕಿನಲ್ಲಿ ಚಾ ತಂದಿಟ್ಟದ್ದೂ ಅವರೇ. ಮಾಮಿ ಒಳ್ಳೆಯ ಸೀರೆ ಉಟ್ಟು ಎರಡನೇ ಸಾಲಿನಲ್ಲಿ ಕುಳಿತಿದ್ದರು. ಸೊಸೆ ಕನ್ನಡದಲ್ಲಿ ಓದುವುದನ್ನು ಕೇಳುವುದೆಂದರೆ ಅವರಿಗೆ ಹೆಮ್ಮೆ. ಏನು ಓದುತ್ತೇನೆಂದು ನಾನು ಹೇಳಿರಲಿಲ್ಲ. ಕಳೆದ ಸಭೆಯ ನಡಾವಳಿ ಮುಗಿಯಿತು. ಹಾಜಿಯವರು ಕೆಮ್ಮಿ, “ಇನ್ನು ಮೂರನೇ ವಿಷಯ, ಟೀಚರೇ” ಎಂದರು. ನಾನು ಪುಸ್ತಕ ತೆರೆದು ಎದ್ದೆ. ಆಗ ಐತಪ್ಪಣ್ಣ ಚಾದ ಫ್ಲಾಸ್ಕನ್ನು ಕೆಳಗಿಟ್ಟು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಮೆಲ್ಲಗೆ ನನ್ನ ಹತ್ತಿರ ಬಂದರು. “ಟೀಚರ್, ನೀವು ಓದುವಾಗ ನಾನು ಎಲ್ಲಿ ನಿಲ್ಬೇಕು?”

ಎರಡು ಸಾಲು ಓದಿದೆನೋ ಇಲ್ಲವೋ ನೆನಪಿಲ್ಲ. ಪುಸ್ತಕ ಮುಚ್ಚಿ, “ವಾಸನೆ ನಮ್ಮ ಮನೆಯದ್ದು” ಎಂದೆ. “ಟೆರೇಸಿನ ಕೋಣೆಯಲ್ಲಿ ನಮ್ಮ ಉಪ್ಪಡ್ ಪಚ್ಚಿಲಿನ ಭರಣಿ ಇದೆ. ಇಡಿಸಿದ್ದು ನಾನು. ನೋಡಿ ಬಂದು ಸುಳ್ಳು ಹೇಳಿದ್ದೂ ನಾನು. ಖಂಡಿಸುವುದಾದರೆ ನನ್ನನ್ನು ಖಂಡಿಸಿ.” ಕಣ್ಣಲ್ಲಿ ನೀರು ಬಂದಿತ್ತು, ಒಳಗೆ ಮಾತ್ರ ಹಗುರಾಯಿತು. ಯಾರಾದರೂ ಚಪ್ಪಾಳೆ ತಟ್ಟಬಹುದು ಎಂಬ ಸಣ್ಣ ಆಸೆಯೂ ಇತ್ತೆಂದು ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ.

ಚಪ್ಪಾಳೆ ಬರಲಿಲ್ಲ. ಎದ್ದವರು ಮಾಮಿ. ಸೆರಗು ಸರಿ ಮಾಡಿಕೊಂಡು, ಡಾಕ್ಟರರ ಎದುರು ಮಾತ್ರ ಆಡುವ ಆ ಕನ್ನಡದಲ್ಲಿ ಹೇಳಿದರು: “ಅಧ್ಯಕ್ಷರೇ, ಐವತ್ತು ವರ್ಷದಿಂದ ನಾನು ಪಚ್ಚಿಲ್ ಹಾಕುತ್ತೇನೆ. ನನ್ನ ಭರಣಿ ಇದುವರೆಗೆ ನಾರಿದ್ದು ಇಲ್ಲ. ದಯವಿಟ್ಟು ಅದನ್ನು ಇಲ್ಲಿಗೆ ತರಿಸಬೇಕು.”

ಹಾಜಿಯವರು ಐತಪ್ಪಣ್ಣನ ಮುಖ ನೋಡಿದರು. ಐತಪ್ಪಣ್ಣ ಸಭೆಯ ಮುಖ ನೋಡಿದರು. “ಇವರದ್ದು ಒಂದೇ ತರ್ಬೇಕಾ,” ಎಂದು ತಲೆ ಕೆರೆದುಕೊಂಡರು, “ಅಲ್ಲ, ಎಲ್ಲರದ್ದೂ ತರ್ಬೇಕಾ?”

ಲಿಫ್ಟು ಎರಡು ಸಲ ಮೇಲೆ ಹೋಗಿ ಬಂತು. ಒಟ್ಟು ಐದು ಇಳಿದವು. ನಮ್ಮ ಭರಣಿ, ಹಾಜಿಯವರ ಮನೆಯ ಉಪ್ಪುನೀರಿನ ಮಾವಿನಕಾಯಿ, ಎರಡನೇ ಮಹಡಿಯ ಒಣಸಿಗಡಿಯ ಡಬ್ಬ, ನಾಲ್ಕನೆಯವರ ಇನ್ನೊಂದು ಪಚ್ಚಿಲ್. ಕೊನೆಯದು ಮುಚ್ಚಳ ಓರೆಯಾದ ಒಂದು ಪೇಂಟಿನ ಬಕೆಟ್, ಕಣಿಲೆ, ಅಂದರೆ ಎಳೆ ಬಿದಿರು, ನೆನೆಹಾಕಿದ್ದು. ಅದನ್ನು ಇಟ್ಟ ಕೂಡಲೇ ಮೊದಲ ಸಾಲು ಹಿಂದಕ್ಕೆ ಸರಿಯಿತು. ಜಗನ್ನಾಥ ಶೆಟ್ರು ತಮ್ಮ ಹೆಂಡತಿಯನ್ನು ನೋಡಿದರು. ಅವರ ಹೆಂಡತಿ, “ನೀವೇ ಅಲ್ವಾ ಮೇಲೆ ಇಡಿಸು ಅಂದದ್ದು” ಎಂದರು. ಐದೂ ಮನೆಯವರು ಎರಡು ವಾರದಿಂದ ವಾಸನೆ ನಮ್ಮದೇ ಎಂದು ನಡುಗುತ್ತ, ಹೊರಗೆ ಮೂಗು ಮುಚ್ಚಿಕೊಂಡು ಓಡಾಡಿದ್ದೆವು. ಐದನ್ನೂ ಹೊತ್ತು ಮೇಲೆ ಇಟ್ಟವರೂ, ಐದು ಮನೆಯ ಗುಟ್ಟನ್ನೂ ಬಾಯೊಳಗೆ ಇಟ್ಟುಕೊಂಡವರೂ ಐತಪ್ಪಣ್ಣ ಒಬ್ಬರೇ. ಮಾಮಿ ನಮ್ಮ ಭರಣಿಯ ಬಟ್ಟೆ ಬಿಚ್ಚಿದರು. ಉಪ್ಪಿನ ಒಳ್ಳೆಯ ಪರಿಮಳ, ಅಷ್ಟೇ. ಒಂದು ಸೊಳೆ ತೆಗೆದು ಹಾಜಿಯವರ ಕೈಗೇ ಕೊಟ್ಟರು. ಅವರು ಕಚ್ಚಿ ನೋಡಿ, “ಫಸ್ಟ್ ಕ್ಲಾಸ್” ಎಂದರು.

ಮೂರನೇ ವಿಷಯದ ಕೆಳಗೆ ಏನಾದರೂ ಬರೆಯಬೇಕಲ್ಲ. ಎಂತ ಬರೀತೀರಿ ಟೀಚರೇ ಎಂದು ಹಾಜಿಯವರು ಕೇಳಿದರು. ನಾನು ಬರೆದೆ: ‘ಕಟ್ಟಡದಲ್ಲಿ ಕಂಡುಬಂದ ವಾಸನೆಯನ್ನು ಸಭೆಯು ತೀವ್ರವಾಗಿ ಖಂಡಿಸಿತು.’ ಅದು ನಿಜವಾಗಿ ಸರ್ವಾನುಮತದಿಂದ ಅಂಗೀಕಾರವಾಯಿತು. ಶೆಟ್ರೂ ಸಹಿ ಹಾಕಿದರು. ಏಜೆನ್ಸಿಯ ಮಾತನ್ನು ಯಾರೂ ಎತ್ತಲಿಲ್ಲ. ಐತಪ್ಪಣ್ಣ ಎಲ್ಲರಿಗೂ ಚಾ ಕೊಟ್ಟು, ಬಕೆಟ್ಟನ್ನು ಹೊರಗೆ ಒಯ್ದರು. ಗೆದ್ದೆನೆಂದು ನಾನು ಮೆಟ್ಟಿಲು ಹತ್ತಿ ಮನೆಗೆ ಬಂದೆ.

ಮಾಮಿ ಮೊದಲೇ ಬಂದಿದ್ದರು. ಸೀರೆ ಬದಲಾಯಿಸಿದ್ದರು. ಸಭೆಗೆ ಉಟ್ಟ ಕನ್ನಡವನ್ನು ಮಾತ್ರ ಬಿಚ್ಚಿರಲಿಲ್ಲ. “ಟೀಚರ್, ಊಟ ತಯಾರಿದೆ. ಬನ್ನಿ” ಎಂದರು.

ಇವತ್ತಿಗೆ ಒಂಬತ್ತು ದಿನ, ಮಾಮಿ ನನ್ನೊಡನೆ ಒಂದು ಮಾತೂ ತುಳುವಿನಲ್ಲಿ ಆಡಿಲ್ಲ. “ನಿಮ್ಮ ಛತ್ರಿ ಇಲ್ಲಿದೆ.” “ನಿಮಗೆ ಪಲ್ಯ ಬಡಿಸಬಹುದೇ? ವಾಸನೆ ಬರುವುದಿಲ್ಲ ತಾನೇ?” ಭರಣಿಯ ಪಚ್ಚಿಲ್ ಪಲ್ಯವಾಗಿ ಮೊದಲು ಐತಪ್ಪಣ್ಣನಿಗೆ ಹೋಯಿತು, ಆಮೇಲೆ ಹಾಜಿಯವರ ಮನೆಗೆ, ಶೆಟ್ರ ಮನೆಗೂ ಒಂದು ಡಬ್ಬ. ನನ್ನ ಬಟ್ಟಲಿಗೂ ಬೀಳುತ್ತದೆ, ಆದರೆ ಗಂಟಲಲ್ಲಿ ಇಳಿಯುವುದಿಲ್ಲ. ಐವತ್ತು ವರ್ಷದ ಕೈಯನ್ನು ಹದಿನಾರು ಮನೆಯವರ ಎದುರು ನಾರುತ್ತದೆ ಅಂದವಳು ನಾನು. ಒಮ್ಮೆ ಮೇಲೆ ಹತ್ತಿ ಬಟ್ಟೆ ಬಿಚ್ಚಿ ಮೂಸಿಯೂ ನೋಡದೆ. ನಿನ್ನೆ ಬೇಕೆಂದೇ ಹಾಲು ಉಕ್ಕಿಸಿದೆ. ಮಾಮಿ ಬಂದು ಒಲೆ ಆರಿಸಿ, ಒರೆಸಿ, “ಪರವಾಗಿಲ್ಲ” ಎಂದರು. ನನಗೆ ತಡೆಯಲಾಗಲಿಲ್ಲ. “ಮಾಮೀ, ಬೈಯುವುದಾದ್ರೆ ಈಗ್ಲೇ ಬೈದು ಬಿಡಿ” ಎಂದು ತುಳುವಿನಲ್ಲಿ ಅತ್ತೇಬಿಟ್ಟೆ.

ಮಾಮಿ ಒರೆಸುವ ಬಟ್ಟೆಯನ್ನು ಹಿಂಡಿ, ಮಡಚಿ, ಕಿಟಕಿಯ ಸರಳಿಗೆ ಹಾಕಿದರು. “ನಾನು ಯಾಕೆ ಬೈಯಬೇಕು?” ಎಂದರು. “ನೀವು ಕಲಿತವರು.”